ನರಸಾಪುರದ ಫೋನ್ ಕನ್ನಡ ಓದಲು ಕಲಿತ ವರ್ಷ

ಬೆಂಗಳೂರಿನಿಂದ ಕೋಲಾರಕ್ಕೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ ನರಸಾಪುರವಿದೆ. ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ 2020ರಿಂದ ಐಫೋನ್ ಜೋಡಿಸುತ್ತಿದ್ದಾರೆ. ಕಾರ್ಖಾನೆಯನ್ನು ಮೊದಲು ನಡೆಸುತ್ತಿದ್ದುದು ತೈವಾನಿನ ವಿಸ್ಟ್ರಾನ್ ಕಂಪನಿ. ಅದನ್ನು ಟಾಟಾದವರು ಕೊಳ್ಳುವ ಸುದ್ದಿ 2023ರ ಅಕ್ಟೋಬರಿನಲ್ಲಿ ಪ್ರಕಟವಾಯಿತು. ಸುತ್ತಲಿನ ತಾಲ್ಲೂಕುಗಳ ಹುಡುಗ ಹುಡುಗಿಯರು ಪಾಳಿಯ ಮೇಲೆ ಬಂದು ಕೆಲಸ ಮಾಡುವ ಜಾಗ ಅದು.

ಅಲ್ಲಿ ತಯಾರಾಗುವ ಪ್ರತಿಯೊಂದು ಫೋನಿನಲ್ಲೂ ವಾಯ್ಸ್‌ಓವರ್ ಎಂಬ ಸ್ಕ್ರೀನ್ ರೀಡರ್ ಇರುತ್ತದೆ. ಕಣ್ಣು ಕಾಣದವರಿಗೆ ಪರದೆಯ ಮೇಲಿರುವುದನ್ನೆಲ್ಲ ದನಿಯಲ್ಲಿ ಓದಿ ಹೇಳುವ ತಂತ್ರಾಂಶವಿದು. ಐಫೋನಿಗೆ ಇದು ಬಂದದ್ದು 2009ರಲ್ಲಿ, 3ಜಿಎಸ್ ಮಾದರಿಯ ಜೊತೆಗೆ. ಕನ್ನಡ ಓದಬಲ್ಲ ದನಿ ಅದಕ್ಕೆ ಬಂದದ್ದು 2022ರ ಸೆಪ್ಟೆಂಬರಿನಲ್ಲಿ, ಐಓಎಸ್ 16ರ ಜೊತೆಗೆ. ಆ ದನಿಯ ಹೆಸರು ಸೌಮ್ಯಾ. ಅಂದರೆ ನರಸಾಪುರದಿಂದ ಐಫೋನುಗಳು ಹೊರಬೀಳಲು ಶುರುವಾಗಿ ಎರಡು ವರ್ಷ ಕಳೆದರೂ, ‘ನರಸಾಪುರ’ ಎಂದು ಕನ್ನಡದಲ್ಲಿ ಬರೆದಿದ್ದರೆ ಅದನ್ನು ಓದಿ ಹೇಳುವ ದನಿ ಆ ಫೋನಿನೊಳಗೆ ಇರಲಿಲ್ಲ.

ಈ ಹದಿಮೂರು ವರ್ಷಗಳ ಅಂತರವನ್ನೇ ಈ ಅಧ್ಯಾಯದಲ್ಲಿ ನಾನು ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ. ದೊಡ್ಡ ತಂತ್ರಜ್ಞಾನ ಕಂಪನಿಗಳೆಲ್ಲ ತಮಗೆ ಅಂಗವಿಕಲ ಬಳಕೆದಾರರ ಬಗ್ಗೆ ಬದ್ಧತೆ ಇದೆ ಎನ್ನುತ್ತವೆ. ಆ್ಯಪಲ್‌ನ ಟಿಮ್ ಕುಕ್ 2014ರಲ್ಲಿ ಷೇರುದಾರರ ಸಭೆಯಲ್ಲೇ, ಅಂಧರಿಗೆ ಅನುಕೂಲವಾಗುವಂತೆ ಸಾಧನ ಮಾಡುವಾಗ ಲಾಭದ ಲೆಕ್ಕ ನೋಡುವುದಿಲ್ಲ ಎಂದು ಸಿಟ್ಟಿನಿಂದ ಹೇಳಿದ್ದರು. ಆ ಸಿಟ್ಟು ಪ್ರಾಮಾಣಿಕವಾದದ್ದೇ ಇರಬಹುದು. ಆದರೂ ಬದ್ಧತೆಯನ್ನು ಮಾತಿನಿಂದ ತೂಗುವ ಹಾಗಿಲ್ಲ. ಇಂಗ್ಲಿಷ್ ಬಳಸುವ ಶ್ರೀಮಂತ ಗಿರಾಕಿಗೆ ಸಿಕ್ಕಿದ ಸೌಲಭ್ಯ ಶ್ರೀನಿವಾಸಪುರದ ಮಾವು ಬೆಳೆಗಾರನಿಗೆ, ಅವನ ಭಾಷೆಯಲ್ಲಿ, ಅವನ ಕೈಗೆಟುಕುವ ಫೋನಿನಲ್ಲಿ ಸಿಗಲು ಎಷ್ಟು ವರ್ಷ ಹಿಡಿಯಿತು ಎಂದು ನೋಡಬೇಕು. ಆಮೇಲೆ, ಬಂದದ್ದು ಮುಂದಿನ ಅಪ್‌ಡೇಟಿನಲ್ಲೂ ಉಳಿಯಿತೇ ಎಂದು ನೋಡಬೇಕು.

ಅದಕ್ಕೆ ಮುಂಚೆ ಸ್ಕ್ರೀನ್ ರೀಡರ್ ಕೆಲಸ ಮಾಡುವ ಬಗೆ ತಿಳಿದಿರಬೇಕು. ಬಹಳ ಜನ ಅದು ಪರದೆಯನ್ನು ನಮ್ಮ ಹಾಗೇ ‘ನೋಡಿ’ ಓದುತ್ತದೆ ಎಂದುಕೊಂಡಿದ್ದಾರೆ. ಹಾಗಲ್ಲ. ಬ್ರೌಸರ್ ಒಂದು ಪುಟವನ್ನು ತೆರೆದಾಗ ಕಣ್ಣಿಗೆ ಕಾಣುವ ಚಿತ್ರದ ಜೊತೆಗೇ ಇನ್ನೊಂದು ರಚನೆಯನ್ನೂ ಒಳಗೆ ಕಟ್ಟುತ್ತದೆ. ಪುಟದಲ್ಲಿರುವ ಪ್ರತಿ ವಸ್ತುವಿಗೂ ಅಲ್ಲಿ ಒಂದು ದಾಖಲೆ ಇರುತ್ತದೆ: ಇದು ಏನು (ತಲೆಬರಹವೇ, ಬಟನ್ನೇ, ಕೊಂಡಿಯೇ), ಇದರ ಹೆಸರೇನು, ಈಗ ಯಾವ ಸ್ಥಿತಿಯಲ್ಲಿದೆ. ಸ್ಕ್ರೀನ್ ರೀಡರ್ ಓದುವುದು ಈ ದಾಖಲೆಗಳನ್ನು. ಬೆರಳನ್ನು ಬಲಕ್ಕೆ ಸರಿಸಿದರೆ ಮುಂದಿನ ವಸ್ತು, ಎಡಕ್ಕೆ ಸರಿಸಿದರೆ ಹಿಂದಿನದು, ಎರಡು ಸಲ ತಟ್ಟಿದರೆ ಅದನ್ನು ಒತ್ತಿದಂತೆ. ದಾಖಲೆ ಸರಿಯಾಗಿದ್ದರೆ ಇಡೀ ಫೋನನ್ನು ಪರದೆ ಆರಿಸಿಕೊಂಡೇ ನಡೆಸಬಹುದು. ನಡೆಸುವವರು ಸಾವಿರಾರು ಮಂದಿ ಇದ್ದಾರೆ.

ದಾಖಲೆ ಸರಿಯಿಲ್ಲದಿದ್ದರೆ? ಕೋಲಾರದ ಎಪಿಎಂಸಿಯ ಟೊಮೆಟೊ ದರ ತೋರಿಸುವ ಒಂದು ಆ್ಯಪ್ ಇದೆ ಎಂದಿಟ್ಟುಕೊಳ್ಳಿ. ಮೇಲ್ಗಡೆ ಮೂರು ಚಿಕ್ಕ ಚಿತ್ರಗಳಿವೆ: ಮನೆಯ ಚಿತ್ರ, ಭೂತಗನ್ನಡಿಯ ಚಿತ್ರ, ಗಂಟೆಯ ಚಿತ್ರ. ಕಣ್ಣಿದ್ದವರಿಗೆ ಅರ್ಥವಾಗುತ್ತದೆ. ಚಿತ್ರಗಳಿಗೆ ಹೆಸರು ಕೊಡಲು ಪ್ರೋಗ್ರಾಮರ್ ಮರೆತಿದ್ದರೆ ಸ್ಕ್ರೀನ್ ರೀಡರ್ ಹೇಳುವುದು ಇಷ್ಟೇ: “ಬಟನ್.” ಮುಂದೆ ಸರಿಸಿದರೆ “ಬಟನ್.” ಮತ್ತೆ ಸರಿಸಿದರೆ “ಬಟನ್.” ಅದರ ಕೆಳಗೆ ದರಗಳ ಕೋಷ್ಟಕ. ಮಂಡಿಯಲ್ಲಿ 15 ಕೆ.ಜಿ. ಬಾಕ್ಸಿನ ಲೆಕ್ಕದಲ್ಲಿ ಹರಾಜು ನಡೆಯುತ್ತದೆ. 2023ರ ಜುಲೈನಲ್ಲಿ ಒಂದು ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿದ್ದು ಜಿಲ್ಲೆಯಲ್ಲಿ ಯಾರೂ ಮರೆತಿಲ್ಲ. ಕೋಷ್ಟಕದಲ್ಲಿ ಕನಿಷ್ಠ, ಗರಿಷ್ಠ, ಸರಾಸರಿ ಎಂಬ ಮೂರು ಕಂಬಗಳು. ಆ ತಲೆಬರಹಗಳನ್ನು ಅಂಕಿಗಳಿಗೆ ಒಳಗಿನಿಂದ ಜೋಡಿಸದಿದ್ದರೆ ಕೇಳುವವನಿಗೆ “ಎಂಟು ನೂರು, ಎರಡು ಸಾವಿರದ ಇನ್ನೂರು, ಒಂದು ಸಾವಿರದ ಆರು ನೂರು” ಎಂದಷ್ಟೇ ಕೇಳಿಸುತ್ತದೆ. ಯಾವುದು ಯಾವ ದರ ಎಂದು ತಿಳಿಯುವ ಬಗೆಯೇ ಇಲ್ಲ. ನಿನ್ನೆಗಿಂತ ದರ ಏರಿದ್ದರೆ ಹಸಿರು ಬಣ್ಣ, ಇಳಿದಿದ್ದರೆ ಕೆಂಪು ಎಂದು ಮಾಡಿದ್ದರಂತೂ ಆ ಸುದ್ದಿ ಕಿವಿಗೆ ಬರುವುದೇ ಇಲ್ಲ. ಈ ಮೂರನ್ನೂ ಸರಿಪಡಿಸಲು ಹೊಸ ವಿಜ್ಞಾನವೇನೂ ಬೇಕಿಲ್ಲ. ಪ್ರತಿ ಬಟನ್ನಿಗೆ ಒಂದು ಸಾಲು, ಕೋಷ್ಟಕಕ್ಕೆ ಸರಿಯಾದ ಗುರುತು, ಬಣ್ಣದ ಜೊತೆಗೆ ‘ಏರಿಕೆ’, ‘ಇಳಿಕೆ’ ಎಂಬ ಪದ. ಬಿಸಿಲಿನಲ್ಲಿ ನಿಂತು ಪರದೆ ನೋಡುವ ದಲ್ಲಾಳಿಗೂ ಆ ಪದಗಳು ಉಪಕಾರಕ್ಕೆ ಬರುತ್ತವೆ.

ಇದನ್ನೆಲ್ಲ ಹೇಗೆ ಮಾಡಬೇಕೆಂಬ ನಿಯಮಗಳು ಜಗತ್ತಿಗೆ 1999ರಿಂದಲೂ ಗೊತ್ತು. ವೆಬ್ಬಿನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಆ ವರ್ಷದ ಮೇ ತಿಂಗಳಲ್ಲಿ ಡಬ್ಲ್ಯುಸಿಎಜಿ ಎಂಬ ಮಾರ್ಗಸೂಚಿಯ ಮೊದಲ ಆವೃತ್ತಿಯನ್ನು ಹೊರತಂದಿತು. 2008ರಲ್ಲಿ ಎರಡನೆಯದು, 2018ರಲ್ಲಿ 2.1, 2023ರ ಅಕ್ಟೋಬರಿನಲ್ಲಿ 2.2 ಬಂದವು. ಅಕ್ಷರದ ಬಣ್ಣಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸ ಇರಬೇಕು ಎಂಬಷ್ಟು ಖಚಿತವಾಗಿ ಅದರಲ್ಲಿ ಬರೆದಿದೆ. ಆದರೂ ವೆಬ್‌ಏಮ್ ಎಂಬ ಅಮೆರಿಕದ ಸಂಸ್ಥೆ 2025ರಲ್ಲಿ ಜಗತ್ತಿನ ಪ್ರಮುಖ ಹತ್ತು ಲಕ್ಷ ಜಾಲತಾಣಗಳ ಮುಖಪುಟಗಳನ್ನು ಪರೀಕ್ಷಿಸಿದಾಗ ಶೇ 94.8ರಲ್ಲಿ ಯಂತ್ರವೇ ಹಿಡಿಯಬಹುದಾದ ತಪ್ಪುಗಳಿದ್ದವು. ನಿಯಮ ತಿಳಿಯದ್ದರಿಂದ ಆದ ತಪ್ಪುಗಳಲ್ಲ ಇವು.

ಕನ್ನಡ ದನಿಯ ವಿಷಯಕ್ಕೆ ಬರೋಣ. ಕನ್ನಡ ಕಷ್ಟದ ಭಾಷೆ, ಆದ್ದರಿಂದ ಕಂಪನಿಗಳಿಗೆ ತಡವಾಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬರಹವನ್ನು ದನಿಯಾಗಿಸುವ ತಂತ್ರಾಂಶದ ಮೊದಲ ಕೆಲಸ, ಪ್ರತಿ ಪದವನ್ನು ಹೇಗೆ ಉಚ್ಚರಿಸಬೇಕೆಂದು ನಿರ್ಧರಿಸುವುದು. ಇಂಗ್ಲಿಷಿನಲ್ಲಿ ಇದೇ ದೊಡ್ಡ ತಲೆನೋವು. ಒಂದೇ ಅಕ್ಷರಗುಂಪು ಪದದಿಂದ ಪದಕ್ಕೆ ಬೇರೆ ಬೇರೆ ಉಚ್ಚಾರ ಪಡೆಯುವುದರಿಂದ ಲಕ್ಷಗಟ್ಟಲೆ ಪದಗಳ ನಿಘಂಟನ್ನೇ ತುಂಬಬೇಕಾಗುತ್ತದೆ. ಹಿಂದಿಯಲ್ಲಿ ‘ಕಮಲ’ ಎಂದು ಬರೆದು ‘ಕಮಲ್’ ಎಂದು ಓದುತ್ತಾರೆ. ಅಕಾರ ಎಲ್ಲಿ ಉಳಿಯುತ್ತದೆ, ಎಲ್ಲಿ ಬಿದ್ದುಹೋಗುತ್ತದೆ ಎಂದು ಯಂತ್ರಕ್ಕೆ ಕಲಿಸಲು ಸಂಶೋಧಕರು ಬೆವರು ಸುರಿಸಿದ್ದಾರೆ. ಕನ್ನಡದಲ್ಲಿ ಈ ತೊಂದರೆ ಇಲ್ಲವೇ ಇಲ್ಲ ಎನ್ನಬಹುದು. ಬರೆದ ಹಾಗೇ ಓದುತ್ತೇವೆ. ಉಚ್ಚಾರದ ಲೆಕ್ಕದಲ್ಲಿ ಹಿಂದಿಗಿಂತ ಸುಲಭವಾದ ಕನ್ನಡ ಐಫೋನಿಗೆ ಬಂದದ್ದು ಹಿಂದಿ ಬಂದು ಎಷ್ಟೋ ವರ್ಷಗಳಾದ ಮೇಲೆ. ತಡ ಮಾಡಿದ್ದು ಭಾಷೆಯ ಸ್ವಭಾವವಲ್ಲ, ಮಾರುಕಟ್ಟೆಯ ಲೆಕ್ಕ.

ಇದಕ್ಕೆ ಇನ್ನೂ ಗಟ್ಟಿ ಸಾಕ್ಷಿ ಇದೆ. ಇಪ್ಪತ್ತು ವರ್ಷಗಳಿಗೂ ಹಿಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಹಳ್ಳಿಗರಿಗಾಗಿ ಸಿಂಪ್ಯೂಟರ್ ಎಂಬ ಅಗ್ಗದ ಕೈಗಣಕ ರೂಪಿಸಿದಾಗಲೇ, ಅವರಲ್ಲಿ ಒಬ್ಬರಾದ ರಮೇಶ್ ಹರಿಹರನ್ ಭಾರತೀಯ ಭಾಷೆಗಳ ಬರಹವನ್ನು ದನಿಯಾಗಿಸುವ ‘ಧ್ವನಿ’ ತಂತ್ರಾಂಶ ಬರೆದಿದ್ದರು. ಅದೇ ಸಂಸ್ಥೆಯ ಎ.ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯ ‘ಮಧುರ ವಾಚಕ’ ಎಂಬ ಕನ್ನಡ ದನಿಯನ್ನು ಸಿದ್ಧಪಡಿಸಿತು. ಆಸ್ಟ್ರೇಲಿಯಾದ ಮೈಕೆಲ್ ಕರನ್ ಮತ್ತು ಜೇಮ್ಸ್ ಟೆ ಇಬ್ಬರೂ ಅಂಧರು. ಸ್ಕ್ರೀನ್ ರೀಡರಿನ ಬೆಲೆ ಕಂಪ್ಯೂಟರಿನ ಬೆಲೆಯನ್ನೇ ಮೀರುತ್ತಿದ್ದ ಕಾಲದಲ್ಲಿ, ಅಂದರೆ 2006ರಲ್ಲಿ, ಕರನ್ ಶುರು ಮಾಡಿ ಟೆ ಕೈಜೋಡಿಸಿದ ಸ್ಕ್ರೀನ್ ರೀಡರ್ ಎನ್‌ವಿಡಿಎ ವಿಂಡೋಸ್‌ನಲ್ಲಿ ಉಚಿತವಾಗಿ ನಡೆಯುತ್ತದೆ. ಅದರ ಜೊತೆಗೆ ಬರುವ ಇಸ್ಪೀಕ್ ಎಂಬ ಮುಕ್ತ ದನಿ ತಂತ್ರಾಂಶ ಕೆಲವೇ ಮೆಗಾಬೈಟ್ ತೂಕದ್ದು. ಬ್ರಿಟನ್ನಿನ ಜೊನಾಥನ್ ಡಡಿಂಗ್ಟನ್ ಅದನ್ನು ಆರಂಭಿಸಿದರು. ಜಗತ್ತಿನ ಸ್ವಯಂಸೇವಕರು ತಮ್ಮ ತಮ್ಮ ಭಾಷೆಗಳನ್ನು ಸೇರಿಸಿದರು. ಅವುಗಳಲ್ಲಿ ಕನ್ನಡವೂ ಒಂದು, ಅದೂ ಆ್ಯಪಲ್‌ಗಿಂತ ಹಲವು ವರ್ಷ ಮೊದಲೇ. ದನಿ ಯಾಂತ್ರಿಕವಾಗಿದೆ, ನಿಜ. ಆದರೆ ನಮ್ಮ ರಾಜ್ಯದ ಎಷ್ಟೋ ಅಂಧ ವಿದ್ಯಾರ್ಥಿಗಳು ಕನ್ನಡ ಪಠ್ಯ ಕೇಳಿದ್ದು ಆ ಯಾಂತ್ರಿಕ ದನಿಯಲ್ಲೇ. 2022ರ ಜನವರಿಯಲ್ಲಿ ಆ್ಯಪಲ್‌ನ ಮಾರುಕಟ್ಟೆ ಮೌಲ್ಯ ಮೂರು ಲಕ್ಷ ಕೋಟಿ ಡಾಲರ್ ಮುಟ್ಟಿತು. ಸ್ವಯಂಸೇವಕರ ಕೈಯಿಂದ ಆದ ಕೆಲಸ ಅಷ್ಟು ದೊಡ್ಡ ಕಂಪನಿಯಿಂದ ಆಗ ಇನ್ನೂ ಆಗಿರಲಿಲ್ಲ.

ಗೂಗಲ್‌ನ ಕತೆ ಸ್ವಲ್ಪ ಬೇರೆ. ಪುಣೆಯಲ್ಲಿ ಹುಟ್ಟಿ, ಹದಿಹರೆಯದಲ್ಲಿ ದೃಷ್ಟಿ ಕಳೆದುಕೊಂಡು, ಮುಂಬೈ ಐಐಟಿಯಲ್ಲೂ ಕಾರ್ನೆಲ್‌ನಲ್ಲೂ ಓದಿದ ಟಿ.ವಿ. ರಾಮನ್ 2005ರಲ್ಲಿ ಗೂಗಲ್ ಸೇರಿದರು. ಗಣಿತದ ಸೂತ್ರಗಳನ್ನು ದನಿಯಲ್ಲಿ ಕೇಳಿಸುವುದು ಹೇಗೆಂಬುದೇ ಅವರ ಪಿಎಚ್‌ಡಿ ವಿಷಯ. ಆಂಡ್ರಾಯ್ಡ್‌ನ ಸ್ಕ್ರೀನ್ ರೀಡರ್ ಆದ ಟಾಕ್‌ಬ್ಯಾಕ್ 2009ರಲ್ಲಿ ಬಂದದ್ದರಲ್ಲಿ ಅವರ ತಂಡದ ಪಾತ್ರ ದೊಡ್ಡದು. ನಮ್ಮ ದೇಶದ ಹತ್ತು ಸ್ಮಾರ್ಟ್‌ಫೋನುಗಳಲ್ಲಿ ಒಂಬತ್ತಕ್ಕೂ ಹೆಚ್ಚು ಆಂಡ್ರಾಯ್ಡ್ ಆದ್ದರಿಂದ, ಮುಳಬಾಗಿಲಿನ ಅಂಧ ಯುವಕನೊಬ್ಬನ ಕೈಯಲ್ಲಿರುವ ಸ್ಕ್ರೀನ್ ರೀಡರ್ ಬಹುಮಟ್ಟಿಗೆ ಟಾಕ್‌ಬ್ಯಾಕ್ ಆಗಿರುತ್ತದೆ. ಕನ್ನಡ ಮಾತನ್ನು ಕೇಳಿ ಅಕ್ಷರವಾಗಿಸುವ ಸೌಲಭ್ಯವನ್ನು ಗೂಗಲ್ 2017ರ ಆಗಸ್ಟಿನಲ್ಲಿ ತಂದಿತು. ಅದರ ದನಿ ಈಗ ಕನ್ನಡ ಚೆನ್ನಾಗಿ ಓದುತ್ತದೆ. ಈ ಲೆಕ್ಕದಲ್ಲಿ ಗೂಗಲ್‌ಗೆ ಹೆಚ್ಚು ಅಂಕ ಕೊಡಬೇಕು. ಆದರೆ ಅಗ್ಗದ ಫೋನಿನ ತಯಾರಕರು ಆಂಡ್ರಾಯ್ಡಿನ ಮೇಲೆ ತಮ್ಮದೇ ಪದರ ಹೊದಿಸಿ, ಬೇಡದ ಆ್ಯಪ್‌ಗಳನ್ನು ತುಂಬಿ ಮಾರುತ್ತಾರೆ. ಅಲ್ಲಿ ಹೆಸರಿಲ್ಲದ ಬಟನ್‌ಗಳು ಸಾಲುಗಟ್ಟಿರುತ್ತವೆ. ಎಂಟು ಸಾವಿರ ರೂಪಾಯಿಯ ಫೋನಿಗೂ ಎಂಬತ್ತು ಸಾವಿರದ ಫೋನಿಗೂ ಒಂದೇ ಟಾಕ್‌ಬ್ಯಾಕ್ ಸಿಕ್ಕರೂ ಸಿಗುವ ಅನುಭವ ಒಂದೇ ಅಲ್ಲ. ಆಂಡ್ರಾಯ್ಡ್ ಹೆಸರಿನಲ್ಲಿ ಮಾರಾಟವಾಗುವ ಫೋನಿನ ಹೊಣೆ ತಯಾರಕರದು ಎಂದು ಗೂಗಲ್ ಕೈತೊಳೆದುಕೊಳ್ಳುವ ಹಾಗಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಇಲ್ಲಿ ಕೋಲಾರದ ಇನ್ನೊಂದು ವಿಶೇಷ ಸೇರಿಕೊಳ್ಳುತ್ತದೆ. ಶ್ರೀನಿವಾಸಪುರ, ಮುಳಬಾಗಿಲು ಕಡೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಕೆಜಿಎಫ್‌ನಲ್ಲಿ ತಮಿಳು. ಎಲ್ಲ ಊರುಗಳಲ್ಲೂ ಉರ್ದು. ಒಂದೇ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೂರು ಲಿಪಿಗಳ ಸಂದೇಶ ಬರುವುದು ಇಲ್ಲಿ ದಿನನಿತ್ಯದ ಮಾತು. ಸ್ಕ್ರೀನ್ ರೀಡರ್ ಇದನ್ನು ಹೇಗೆ ನಿಭಾಯಿಸುತ್ತದೆ? ಯೂನಿಕೋಡ್ ವ್ಯವಸ್ಥೆಯಲ್ಲಿ ಪ್ರತಿ ಲಿಪಿಗೂ ತನ್ನದೇ ಸಂಖ್ಯೆಗಳ ಪಾಲು ಇದೆ. ಕನ್ನಡದ ಪಾಲು 3200ರಿಂದ 3327ರವರೆಗೆ. ಅದಕ್ಕೆ ತಾಗಿಕೊಂಡು ಹಿಂದೆ ಇರುವುದೇ ತೆಲುಗು, 3072ರಿಂದ 3199ರವರೆಗೆ. ನಮಗೆ ಒಂದರ ಹಾಗೆ ಇನ್ನೊಂದು ಕಾಣುವ ಎರಡು ಲಿಪಿಗಳನ್ನು ಯಂತ್ರ ಈ ಸಂಖ್ಯೆಯಿಂದಲೇ ಬೇರ್ಪಡಿಸಿ, ಕನ್ನಡಕ್ಕೆ ಕನ್ನಡ ದನಿ, ತೆಲುಗಿಗೆ ತೆಲುಗು ದನಿ ಹಚ್ಚಬಲ್ಲದು. ಆದರೆ ‘ನಾಳೆ ಬರ್ತೀನಿ’ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ? ಸಂಖ್ಯೆ ನೋಡಿ ಹೇಳುವ ಹಾಗಿಲ್ಲ. ಇಂಗ್ಲಿಷ್ ದನಿ ಅದನ್ನು ಓದಿ, ಯಾರಿಗೂ ಅರ್ಥವಾಗದ ಸದ್ದು ಮಾಡುತ್ತದೆ.

ಜಾಲತಾಣಗಳಿಗೆ ಇದರ ಸುಲಭ ಪರಿಹಾರ ಮೊದಲಿನಿಂದಲೂ ಇದೆ. ಪುಟದ ಮೊದಲ ಸಾಲಿನಲ್ಲೇ ಭಾಷೆ ಯಾವುದೆಂದು ಎರಡಕ್ಷರದ ಸಂಕೇತದಲ್ಲಿ ಬರೆದುಬಿಡಬೇಕು. ಕನ್ನಡಕ್ಕೆ ‘ಕೆಎನ್’, ತೆಲುಗಿಗೆ ‘ಟಿಇ’. ಇದು ಡಬ್ಲ್ಯುಸಿಎಜಿಯ ಅತ್ಯಂತ ಕೆಳಹಂತದ, ಅಂದರೆ ಎಲ್ಲರೂ ಮಾಡಲೇಬೇಕಾದ ನಿಯಮ. ವೆಬ್‌ಏಮ್‌ನ ಪರೀಕ್ಷೆಯಲ್ಲಿ ಸುಮಾರು ಶೇ 16ರಷ್ಟು ಮುಖಪುಟಗಳಲ್ಲಿ ಅದೂ ಇರಲಿಲ್ಲ. ಇಂಗ್ಲಿಷ್ ಪುಟವನ್ನು ಕನ್ನಡಕ್ಕೆ ತಿರುಗಿಸಿ, ಒಳಗಿನ ಸಂಕೇತವನ್ನು ಇಂಗ್ಲಿಷ್ ಎಂದೇ ಉಳಿಸುವ ತಾಣಗಳೂ ಇವೆ. ಕಂಪನಿಯೊಂದು ಕನ್ನಡದಲ್ಲೂ ಸೇವೆ ಕೊಡುತ್ತೇನೆಂದು ಜಾಹೀರಾತು ಹಾಕಿದ್ದರೆ ಮೊದಲು ನೋಡಬೇಕಾದ್ದು ಈ ಎರಡಕ್ಷರವನ್ನು.

ಕಂಪನಿಗಳನ್ನು ತೂಗುವಾಗ ನಮ್ಮ ಕಡೆಯ ಬಾಕಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಎಷ್ಟೋ ವರ್ಷ ನಾವು ಕನ್ನಡವನ್ನು ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದೆವು. ಅವು ಕನ್ನಡದ ಆಕಾರವನ್ನು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳ ಮೇಲೆ ಕೂರಿಸಿದ್ದವು. ಹಳೆಯ ನುಡಿಯಲ್ಲಿ ‘ಕನ್ನಡ’ ಎಂದು ಬರೆದರೆ ಕಡತದೊಳಗೆ ಉಳಿಯುವುದು ಇದು: ದೊಡ್ಡ ಪಿ ಅಕ್ಷರ, ತಲೆಯ ಮೇಲೆ ಗೆರೆಯುಳ್ಳ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಗೆರೆಯುಳ್ಳ ಎ, ಜರ್ಮನ್ ಭಾಷೆಯ ಒಂದು ವಿಶೇಷ ಅಕ್ಷರ, ಸಣ್ಣ ಕ್ಯೂ, ಇನ್ನೊಂದು ಗೆರೆಯುಳ್ಳ ಎ. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಸ್ಕ್ರೀನ್ ರೀಡರ್ ಆ ಪೌಂಡಿನ ಚಿಹ್ನೆಯನ್ನೇ ಓದುತ್ತದೆ. ಹೀಗೆ ಟೈಪ್ ಮಾಡಿದ ಸುತ್ತೋಲೆಗಳು, ಪ್ರಶ್ನೆಪತ್ರಿಕೆಗಳು, ಪುಸ್ತಕದ ಕಡತಗಳು ಲೆಕ್ಕವಿಲ್ಲದಷ್ಟಿವೆ. ಯೂನಿಕೋಡ್‌ಗೆ ಬದಲಿಸುವ ಉಪಕರಣಗಳು ಉಚಿತವಾಗಿ ಸಿಗುತ್ತಿರುವಾಗಲೂ ಹಳೆಯ ಫಾಂಟನ್ನು ಬಿಡದ ಕಚೇರಿಗಳನ್ನು ಕಂಡರೆ ಸಂಕಟವಾಗುತ್ತದೆ.

ಇನ್ನೂ ದೊಡ್ಡ ಗುಂಪು ಸ್ಕ್ಯಾನ್ ಮಾಡಿದ ಪುಟಗಳದ್ದು. ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ., ಮಾಲೂರು ತಾಲ್ಲೂಕಿನ ಮಾಸ್ತಿ ಇಬ್ಬರ ಹಳೆಯ ಮುದ್ರಣಗಳೂ ಅಂತರಜಾಲದಲ್ಲಿ ಪುಟದ ಫೋಟೊಗಳಾಗಿ ಸಿಗುತ್ತವೆ. ಫೋಟೊದಲ್ಲಿ ಅಕ್ಷರವಿಲ್ಲ, ಬರೀ ಬಣ್ಣದ ಚುಕ್ಕಿಗಳಿವೆ. ಸ್ಕ್ರೀನ್ ರೀಡರಿಗೆ ಅದು ಖಾಲಿ ಹಾಳೆ. ಚಿತ್ರದಿಂದ ಅಕ್ಷರವನ್ನು ಹೆಕ್ಕುವ ಓಸಿಆರ್ ಇದಕ್ಕೆ ಬೇಕು. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ, ಗುಣಿತದ ಚಿಹ್ನೆಗಳು ಮೇಲೆ ಹಾಗೂ ಬಲಕ್ಕೆ ಹರಡಿಕೊಳ್ಳುವುದರಿಂದ ಇಲ್ಲಿ ಮಾತ್ರ ನಮ್ಮ ಲಿಪಿ ನಿಜವಾಗಿಯೂ ಕಷ್ಟದ್ದು. ಗೂಗಲ್ ಬೆಳೆಸಿದ ಟೆಸರಾಕ್ಟ್, ರಾಮಕೃಷ್ಣನ್ ತಂಡದ ‘ಲಿಪಿ ಗ್ನಾನಿ’ ಎರಡೂ ಈ ಕೆಲಸವನ್ನು ಮಾಡಿವೆ. ಕಾನೂನಿನ ಅಡ್ಡಿಯೂ ಇಲ್ಲ: 2012ರ ಹಕ್ಕುಸ್ವಾಮ್ಯ ತಿದ್ದುಪಡಿ ಅಂಗವಿಕಲರಿಗಾಗಿ ಪುಸ್ತಕವನ್ನು ಓದಬಲ್ಲ ರೂಪಕ್ಕೆ ತರಲು ಅನುಮತಿ ಕೊಟ್ಟಿದೆ, ಇದೇ ಉದ್ದೇಶದ ಮರಕ್ಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶವೂ ಭಾರತವೇ.

ಸಣ್ಣ ಸಂಗತಿಗಳಲ್ಲೂ ಬದ್ಧತೆ ಗೊತ್ತಾಗುತ್ತದೆ. ಪಹಣಿಯಲ್ಲಿ ಜಮೀನಿನ ವಿಸ್ತೀರ್ಣ 2.13 ಎಂದಿದ್ದರೆ ಅದು ಎರಡು ಎಕರೆ ಹದಿಮೂರು ಗುಂಟೆ. ಎಕರೆಗೆ ನಲವತ್ತು ಗುಂಟೆ. ದನಿ ತಂತ್ರಾಂಶ ಅದನ್ನು ದಶಮಾಂಶವೆಂದು ಭಾವಿಸಿ “ಎರಡು ಪಾಯಿಂಟ್ ಒಂದು ಮೂರು” ಎಂದು ಓದುತ್ತದೆ. ಕೇಳುವ ರೈತ ಜಾಣನಾದ್ದರಿಂದ ಅರ್ಥ ಮಾಡಿಕೊಂಡಾನು. ಆದರೆ ಪುಟ ಬರೆದವರು ಎಕರೆ, ಗುಂಟೆ ಎಂದು ಒಳಗಿನಿಂದ ಹೆಸರಿಟ್ಟಿದ್ದರೆ ಊಹಿಸುವ ಹೊರೆ ಅವನ ಮೇಲೆ ಬೀಳುತ್ತಿರಲಿಲ್ಲ.

ಕಂಪನಿಗಳು ತಾವೇ ಹೊರಡಿಸುವ ಆ್ಯಕ್ಸೆಸಿಬಿಲಿಟಿ ವರದಿಗಳ ಬಗ್ಗೆ ಒಂದು ಎಚ್ಚರಿಕೆ. ಅವುಗಳಲ್ಲಿ ಬಹುಪಾಲು ಕಂಪನಿಯೇ ತುಂಬಿದ ನಮೂನೆಗಳು. ‘ಬೆಂಬಲವಿದೆ’, ‘ಭಾಗಶಃ ಬೆಂಬಲವಿದೆ’ ಎಂಬ ಉತ್ತರಗಳು. ಯಾವ ಭಾಷೆಯಲ್ಲಿ ಪರೀಕ್ಷಿಸಿದಿರಿ ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಸಿಗುವುದು ಅಪರೂಪ. ಯಂತ್ರದಿಂದ ಮಾಡಿದ ಪರೀಕ್ಷೆಯನ್ನೇ ನೆಚ್ಚಿಕೊಂಡರೂ ಸಾಲದು. ಬ್ರಿಟನ್ ಸರ್ಕಾರದ ಡಿಜಿಟಲ್ ಸೇವಾ ವಿಭಾಗ 2017ರಲ್ಲಿ ಬೇಕೆಂದೇ ನೂರಕ್ಕೂ ಹೆಚ್ಚು ತಪ್ಪುಗಳನ್ನು ತುಂಬಿದ ಪುಟವೊಂದನ್ನು ಮಾಡಿ ಹಲವು ಉಪಕರಣಗಳಿಗೆ ಒಡ್ಡಿತು. ಎಲ್ಲಕ್ಕಿಂತ ಚುರುಕಾದದ್ದು ಹಿಡಿದದ್ದೂ ಶೇ 40ರ ಆಸುಪಾಸು. ಚಿತ್ರಕ್ಕೆ ವಿವರಣೆ ಇದೆಯೇ ಎಂದು ಯಂತ್ರ ಹೇಳಬಲ್ಲದು. ಮಾವಿನ ಹಣ್ಣಿನ ಚಿತ್ರಕ್ಕೆ ‘ಚಿತ್ರ 1’ ಎಂದು ವಿವರಣೆ ಬರೆದಿದ್ದರೆ ಅದನ್ನು ಸರಿ ಎಂದೇ ಬಿಟ್ಟುಬಿಡುತ್ತದೆ. ಒಂದು ಸಾಲು ಕೋಡ್ ಸೇರಿಸಿದರೆ ಸಾಕು, ನಿಮ್ಮ ತಾಣ ತಾನೇ ಸರಿಹೋಗುತ್ತದೆ ಎಂದು ಮಾರುವ ಕಂಪನಿಗಳೂ ಹುಟ್ಟಿಕೊಂಡಿವೆ. ಬಿರುಕು ಬಿಟ್ಟ ಗೋಡೆಗೆ ಸುಣ್ಣ ಬಳಿದಂತೆ ಅದು. ಅಂಥದ್ದೊಂದಾದ ಆ್ಯಕ್ಸೆಸಿಬಿ ಎಂಬ ಕಂಪನಿ ತನ್ನ ಶಕ್ತಿಯ ಬಗ್ಗೆ ದಾರಿತಪ್ಪಿಸುವ ಮಾತು ಹೇಳಿತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರ ಜನವರಿಯಲ್ಲಿ ಹತ್ತು ಲಕ್ಷ ಡಾಲರ್ ಕಕ್ಕಿಸಿತು.

ಬದ್ಧತೆ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಟ್ವಿಟರ್‌ಗಿಂತ ಸ್ಪಷ್ಟ ಉದಾಹರಣೆ ಬೇಡ. 2020ರ ಜೂನಿನಲ್ಲಿ ಅದು ದನಿ ಸಂದೇಶಗಳ ಸೌಲಭ್ಯ ತಂದಾಗ ಕಿವಿ ಕೇಳದವರಿಗೆ ಬೇಕಾದ ಅಕ್ಷರರೂಪವೇ ಅದರಲ್ಲಿ ಇರಲಿಲ್ಲ. ಜನ ಸಿಟ್ಟಿಗೆದ್ದ ಮೇಲೆ, ಇದಕ್ಕೆಂದೇ ಮೀಸಲಾದ ತಂಡ ಕಂಪನಿಯಲ್ಲಿ ಇಲ್ಲ ಎಂಬುದು ಹೊರಬಂತು. ಸೆಪ್ಟೆಂಬರಿನಲ್ಲಿ ತಂಡ ಕಟ್ಟಿದರು. ಅವರು ಒಳ್ಳೆಯ ಕೆಲಸ ಮಾಡಿದರು. ಚಿತ್ರಗಳಿಗೆ ವಿವರಣೆ ಬರೆಯುವ ಅಭ್ಯಾಸವನ್ನು ಲಕ್ಷಾಂತರ ಜನರಿಗೆ ಹಚ್ಚಿದರು. ಮಾಲೀಕರು ಬದಲಾದ ಬೆನ್ನಲ್ಲೇ, 2022ರ ನವೆಂಬರಿನಲ್ಲಿ, ಇಡೀ ತಂಡವನ್ನು ಮನೆಗೆ ಕಳಿಸಲಾಯಿತು. ಕೆಲವೇ ಜನರ ಒಳ್ಳೆಯತನದ ಮೇಲೆ ನಿಂತ ಬದ್ಧತೆ ಆ ಜನರ ಜೊತೆಗೇ ಹೊರಟುಹೋಗುತ್ತದೆ.

ಅದಕ್ಕೇ ಕಾನೂನು ಬೇಕು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರಿದ್ದರು, ಅವರಲ್ಲಿ 2.64 ಲಕ್ಷ ಮಂದಿ ದೃಷ್ಟಿದೋಷ ಇರುವವರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರವಷ್ಟೇ ಅಲ್ಲ, ಖಾಸಗಿ ಸೇವೆ ಕೊಡುವವರೂ ನಿಯಮ ಬಂದ ಎರಡು ವರ್ಷದೊಳಗೆ ಎಲ್ಲರೂ ಬಳಸುವಂತೆ ಮಾಡಬೇಕೆಂದು ಹೇಳಿತು. ನಿಯಮಗಳು ಬಂದದ್ದು 2017ರ ಜೂನಿನಲ್ಲಿ; ಗಡುವು ಮುಗಿದದ್ದು 2019ರಲ್ಲಿ. ಮೊದಲ ತಪ್ಪಿಗೆ ದಂಡ ಗರಿಷ್ಠ ಹತ್ತು ಸಾವಿರ ರೂಪಾಯಿ. ದೊಡ್ಡ ಕಂಪನಿಗೆ ಇದು ಯಾವ ಲೆಕ್ಕ? 2024ರ ನವೆಂಬರಿನಲ್ಲಿ ರಾಜೀವ್ ರಾತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಾನದಂಡಗಳನ್ನು ಬರೀ ಸಲಹೆಯ ರೂಪದಲ್ಲಿ ಬಿಟ್ಟಿದ್ದ ನಿಯಮವನ್ನು ತಳ್ಳಿಹಾಕಿ ಕಡ್ಡಾಯ ನಿಯಮ ರೂಪಿಸಲು ಆದೇಶಿಸಿತು. 2025ರ ಏಪ್ರಿಲ್ 30ರಂದು ಬಂದ ಇನ್ನೊಂದು ತೀರ್ಪು ಇದಕ್ಕಿಂತ ಮುಂದೆ ಹೋಯಿತು. ಆ್ಯಸಿಡ್ ದಾಳಿಗೆ ಒಳಗಾದ ಪ್ರಜ್ಞಾ ಪ್ರಸೂನ್ ಬ್ಯಾಂಕ್ ಖಾತೆ ತೆರೆಯಲು ಹೋದಾಗ, ಜೀವಂತ ವ್ಯಕ್ತಿಯೇ ಕ್ಯಾಮೆರಾ ಮುಂದಿದ್ದಾರೆ ಎಂದು ಖಚಿತಪಡಿಸಲು ಕಣ್ಣು ಮಿಟುಕಿಸಬೇಕೆಂದು ತಂತ್ರಾಂಶ ಕೇಳಿತು. ಅವರಿಗೆ ಅದು ಸಾಧ್ಯವಿರಲಿಲ್ಲ. ಅವರೂ ಅಂಧ ವಕೀಲ ಅಮರ್ ಜೈನ್ ಅವರೂ ಹೂಡಿದ ಮೊಕದ್ದಮೆಗಳಲ್ಲಿ ಕೋರ್ಟ್, ಡಿಜಿಟಲ್ ಸೇವೆಯನ್ನು ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಹೇಳಿ ಇಪ್ಪತ್ತು ನಿರ್ದೇಶನಗಳನ್ನು ಕೊಟ್ಟಿತು.

ಯುರೋಪಿನಲ್ಲಿ 2025ರ ಜೂನ್ 28ರಿಂದ ಇಂಥದೇ ಕಾಯ್ದೆ ಜಾರಿಯಾಗಿದೆ. ಕಂಪನಿಗಳು ಅಲ್ಲಿಗಾಗಿ ತಮ್ಮ ಆ್ಯಪ್‌ಗಳನ್ನು ತಿದ್ದುತ್ತಿವೆ. ಅಲ್ಲಿ ತಿದ್ದಿದ ಬಟನ್ನಿನ ಹೆಸರು ಇಲ್ಲಿಗೂ ಬರುತ್ತದೆ, ಆದರೆ ಅಲ್ಲಿನ ಭಾಷೆಯಲ್ಲಿ. ಕನ್ನಡದಲ್ಲಿ ಬರಬೇಕಾದರೆ ಕೇಳುವವರು ನಾವೇ ಆಗಬೇಕು.

ಈ ತೂಕವನ್ನು ನೀವೂ ಮಾಡಬಹುದು. ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಆ್ಯಕ್ಸೆಸಿಬಿಲಿಟಿ ವಿಭಾಗದಲ್ಲಿ ಟಾಕ್‌ಬ್ಯಾಕ್ ಅಥವಾ ವಾಯ್ಸ್‌ಓವರ್ ತೆರೆಯಿರಿ. ತೆರೆಯುವ ಮುಂಚೆ ಆರಿಸುವ ಬಗೆಯನ್ನೂ ಓದಿಕೊಳ್ಳಿ, ಏಕೆಂದರೆ ತೆರೆದ ಮೇಲೆ ಬೆರಳಿನ ಸನ್ನೆಗಳೆಲ್ಲ ಬದಲಾಗುತ್ತವೆ. ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿ. ದಿನವೂ ಬಳಸುವ ಒಂದು ಆ್ಯಪ್ ಆಯ್ದು, ಕಣ್ಣು ಮುಚ್ಚಿಕೊಂಡು ಒಂದೇ ಒಂದು ಕೆಲಸ ಮುಗಿಸಲು ನೋಡಿ: ಹಣ ಕಳಿಸುವುದೋ, ಬಸ್ಸಿನ ಟಿಕೆಟ್ ಕಾಯ್ದಿರಿಸುವುದೋ, ಇವತ್ತಿನ ಟೊಮೆಟೊ ದರ ನೋಡುವುದೋ. ಎಲ್ಲಿ ಸಿಕ್ಕಿಹಾಕಿಕೊಂಡಿರಿ, ಯಾವ ಬಟನ್ನಿಗೆ ಹೆಸರಿಲ್ಲ, ಯಾವ ಸಾಲು ಇಂಗ್ಲಿಷ್ ದನಿಯಲ್ಲಿ ಬಂತು ಎಂದು ಬರೆದಿಟ್ಟುಕೊಂಡು ಆ್ಯಪ್‌ನ ಅಭಿಪ್ರಾಯ ಪೆಟ್ಟಿಗೆಗೆ ಕಳಿಸಿ. ಉತ್ತರ ಬಾರದಿದ್ದರೆ ಕಾಯ್ದೆಯ ಪ್ರಕಾರ ರಾಜ್ಯದ ಅಂಗವಿಕಲ ವ್ಯಕ್ತಿಗಳ ಆಯುಕ್ತರಿಗೆ ದೂರು ಕೊಡುವ ಹಕ್ಕು ಇದೆ. ನಿಮ್ಮ ಊರಿನಲ್ಲಿ ಅಂಧ ಗೆಳೆಯರಿದ್ದರೆ ಅವರನ್ನೇ ಕೇಳಿ, ಅವರ ಜೊತೆ ಕೂತು ಆ ದೂರನ್ನು ಬರೆಯಿರಿ. ಅದನ್ನು ಕನ್ನಡದಲ್ಲೇ ಬರೆಯಿರಿ.